ಇಪ್ಪತ್ತೆಂಟೊ ಮೂವತ್ತೆರಡೊ

ಊರಿಗೊಬ್ಬರು ಸೈಕಲ್ ಪಂಡಿತರು ಈಗ ನಮ್ಮ ಕಡೆಯೂ ಕಾಯಂ ಆಗಿಬಿಟ್ಟಿದ್ದಾರೆ. ಕಲಬುರಗಿಯಲ್ಲಿ ಅವರು ಹಲ್ಲಿನ ಡಾಕ್ಟರಾಗಿರಬಹುದು, ಯಾದಗಿರಿಯಲ್ಲಿ ಬ್ಯಾಂಕ್ ಮ್ಯಾನೇಜರ್, ಶಹಾಪುರದಲ್ಲಿ ಹತ್ತಿ ವ್ಯಾಪಾರಿ. ಸುರಪುರದಲ್ಲಿ ಮಾತ್ರ ಅವರು ಹೈಸ್ಕೂಲಿನ ಗಣಿತದ ಮಾಸ್ತರರು. ವಯಸ್ಸು ನಲವತ್ತೈದು ದಾಟಿದೆ, ಸಕ್ಕರೆ ಗಡಿಯ ಮೇಲೆ ನಿಂತಿದೆ. ದಿನಾ ಒಂದು ತಾಸು ನಡೀರಿ ಅಂದರು ಡಾಕ್ಟರು. ನಡೆಯಲಿಕ್ಕೆ ಕಾಲಿದ್ದರೆ ಸಾಕು, ಅದರಲ್ಲಿ ಅಭ್ಯಾಸ ಮಾಡುವಂಥದ್ದೇನೂ ಇಲ್ಲ. ಹಾಗಾಗಿ ಮಾಸ್ತರರಿಗೆ ನಡಿಗೆ ಹಿಡಿಸಲಿಲ್ಲ. ಸೈಕಲ್ ಹಿಡಿಸಿತು. ಸೈಕಲ್ ಅಂದರೆ ಓದಲಿಕ್ಕೆ ಬಹಳ ಇದೆ.

1705ರಲ್ಲಿ ಔರಂಗಜೇಬ ನಮ್ಮ ವಾಗಣಗೇರಾ ಕೋಟೆಗೆ ಹಾಕಿದ ಮುತ್ತಿಗೆ ಹೆಚ್ಚುಕಡಿಮೆ ಮೂರು ತಿಂಗಳಲ್ಲಿ ಮುಗಿದಿತ್ತು. ಮಾಸ್ತರರ ಸೈಕಲ್ ಆಯ್ಕೆ ಎರಡು ಬೇಸಿಗೆ ನಡೆಯಿತು. ಮೊದಲ ಬೇಸಿಗೆ ಪೂರ್ತಿ ಹೋದದ್ದು ರೇಸ್ ಸೈಕಲ್ ಬೇರೆ, ಎಂಡ್ಯೂರೆನ್ಸ್ ಸೈಕಲ್ ಬೇರೆ ಎಂಬುದನ್ನು ತಿಳಿದುಕೊಳ್ಳುವುದರಲ್ಲಿ, ತಿಳಿದದ್ದನ್ನು ಸ್ಟಾಫ್ ರೂಮಿಗೆ ತಿಳಿಸುವುದರಲ್ಲಿ. ರೇಸ್ ಸೈಕಲಿನ ಮೇಲೆ ಸವಾರ ಮುಂದಕ್ಕೆ ಬಗ್ಗಿ ಬೋರಲು ಬೀಳಬೇಕು. ಎಂಡ್ಯೂರೆನ್ಸ್‌ನಲ್ಲಿ ಹ್ಯಾಂಡಲ್ ಒಂದಿಷ್ಟು ಮೇಲೆ, ಒಂದಿಷ್ಟು ಹತ್ತಿರ. ಎರಡು ಗಾಲಿಗಳ ನಡುವಿನ ಅಂತರ ಕೊಂಚ ಹೆಚ್ಚು. ದಪ್ಪ ಟೈರಿಗೆ ಜಾಗ ಇರುತ್ತದೆ. ಫ್ರಾನ್ಸಿನಲ್ಲಿ ಪ್ಯಾರಿಸ್–ರೂಬೆ ಅಂತ ಒಂದು ರೇಸ್, 1896ರಲ್ಲಿ ಶುರುವಾದದ್ದು. ಅದರ ದಾರಿಯಲ್ಲಿ ಐವತ್ತು ಕಿಲೋಮೀಟರಿಗೂ ಹೆಚ್ಚು ಬರೀ ಹಳೆಯ ಕಲ್ಲುಹಾಸು. ಅಂಥ ದಾರಿಯಲ್ಲಿ ಸವಾರರ ಬೆನ್ನು ಉಳಿಯಲಿ ಅಂತ ಕಂಪನಿಗಳು ಈ ಜಾತಿಯನ್ನು ಬೆಳೆಸಿದವು. ಸ್ಪೆಷಲೈಸ್ಡ್ ಕಂಪನಿ ತನ್ನ ಸೈಕಲಿಗೆ ರೂಬೆ ಎಂದೇ ಹೆಸರಿಟ್ಟಿತು. ಟ್ರೆಕ್ ಕಂಪನಿ 2012ರಲ್ಲಿ ತಂದ ಡೊಮಾನೆಯಲ್ಲಿ ಸೀಟಿನ ಕೆಳಗಿನ ಕೊಳವೆ ದಾರಿಯ ಏಟಿಗೆ ಬಾಗಿಕೊಡುವಂತೆ ಮಾಡಿತು. "ಎಂಥಾ ಕಲ್ಲಿನ ರೋಡ್ ಅಂತೀರಿ! ತಿಳೀತೇನ್ರಿ?" ಎಂದು ಮಾಸ್ತರರು ಕೇಳುವಾಗ ಎದುರಿಗೆ ಕೂತವರು ದಿನಾ ಕೆಂಭಾವಿ ಕಡೆಯ ಹಳ್ಳಿಯಿಂದ ಮೋಟಾರ್ ಸೈಕಲ್ ಮೇಲೆ ಬರುವ ಕನ್ನಡ ಮಾಸ್ತರರು. ಚಲೋ ತಿಳೀತು ಅಂದರು.

ಎರಡನೆಯ ಬೇಸಿಗೆ ಅಳತೆಯದ್ದು. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಗೆ ದಪ್ಪ ರಟ್ಟಿನ ಪುಸ್ತಕವೊಂದನ್ನು ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಬೆನ್ನಿನ ತನಕ ಅಳೆಯಬೇಕು. ಬಂದದ್ದನ್ನು 0.883ರಿಂದ ಗುಣಿಸಿದರೆ ಸೀಟಿನ ಎತ್ತರ ಸಿಗುತ್ತದೆ. ಮೂರು ಸಲ ಟೂರ್ ಡಿ ಫ್ರಾನ್ಸ್ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಓಡಾಡುವ ಸೂತ್ರ ಇದು. ಮಾಸ್ತರರು ಕನ್ನಡ ಮಾಸ್ತರರ ಮನೆಯಿಂದ ಕಿಟೆಲ್ ನಿಘಂಟು ತರಿಸಿದರು. ಅಷ್ಟು ದಪ್ಪ ಪುಸ್ತಕ ತಮ್ಮ ಮನೆಯಲ್ಲಿ ಇರಲಿಲ್ಲ, ಆ ಮನೆಯಲ್ಲಿ ಅದನ್ನು ಬೇರೆ ಯಾರೂ ತೆಗೆದಿರಲಿಲ್ಲ. ಟೇಪು ಟೇಲರ್ ಅಂಗಡಿಯದ್ದು. ಟೇಲರ್ ತಾನೇ ಬಂದು ಅಳೆದ: 81 ಸೆಂಟಿಮೀಟರ್. ಮಾಸ್ತರರು ಬಾಯಲ್ಲೇ ಗುಣಿಸಿ "ಎಪ್ಪತ್ತೊಂದೂವರಿ" ಅಂದರು. ಟೇಲರ್ ಚೀಟಿಯಲ್ಲಿ ಬರೆದುಕೊಂಡು ಕೇಳಿದ: "ಪ್ಯಾಂಟ್ ಯಾವಾಗ ಬೇಕ್ರಿ ಸರ?"

ಗೇರಿನ ವಿಷಯಕ್ಕೆ ಬಂದರೆ ಮಾಸ್ತರರು ಕ್ಲಾರಿಸ್, ಸೋರಾ, ಟಿಯಾಗ್ರಾ, ನೂರೈದು, ಅಲ್ಟೆಗ್ರಾ, ಡ್ಯೂರಾ ಏಸ್ ಎಂದು ಶಿಮಾನೊ ಕಂಪನಿಯ ವಂಶಾವಳಿಯನ್ನು ಮಗ್ಗಿಯಂತೆ ಒಪ್ಪಿಸಬಲ್ಲರು. ಆ ವರ್ಷದ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತು: ಮುಂದಿನ ಹಲ್ಲುಚಕ್ರಕ್ಕೆ 50 ಹಲ್ಲು, ಹಿಂದಿನದಕ್ಕೆ 11, ಗಾಲಿಯ ಸುತ್ತಳತೆ 2.1 ಮೀಟರ್, ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಎಷ್ಟು ದೂರ ಹೋಗುತ್ತದೆ? ಉತ್ತರ ಸುಮಾರು ಒಂಬತ್ತೂವರೆ ಮೀಟರ್. ಒಬ್ಬ ಹುಡುಗ "ಚೈನ್ ಬಿದ್ದರೆ ಎಲ್ಲಿಗೂ ಹೋಗುವುದಿಲ್ಲ" ಎಂದು ಬರೆದಿದ್ದ. ಅವನಿಗೆ ಅರ್ಧ ಅಂಕ ಸಿಕ್ಕಿತು. ನ್ಯಾಯವಾಗಿ ಪೂರ್ತಿ ಕೊಡಬೇಕಿತ್ತು.

ಕೊನೆಗೆ ಸೈಕಲ್ ಬಂತು. ದೊಡ್ಡ ರಟ್ಟಿನ ಡಬ್ಬಿಯಲ್ಲಿ, ಪಾರ್ಸಲ್ ಲಾರಿಯಲ್ಲಿ. ಓಣಿಯವರು ಫ್ರಿಜ್ ಇರಬೇಕು ಅಂದುಕೊಂಡರು. ಕಾರ್ಬನ್ ಫ್ರೇಮು, ತೂಕ ಒಂಬತ್ತು ಕಿಲೋ ಒಳಗೆ. ಮಾಸ್ತರರು ಒಂದು ಬೆರಳಲ್ಲಿ ಎತ್ತಿ ತೋರಿಸಿದರು. ಓಣಿಯ ಹುಡುಗರೆಲ್ಲ ಸರದಿಯಲ್ಲಿ ಬೆರಳು ಕೊಟ್ಟರು. ಬೆಲೆ ಮಾತ್ರ ಕೇಳುವವರನ್ನು ನೋಡಿಕೊಂಡು ಬದಲಾಗುತ್ತಿತ್ತು: ಮನೆಯಲ್ಲಿ ಒಂದು, ಸ್ಟಾಫ್ ರೂಮಿನಲ್ಲಿ ಒಂದು, ಮಾವನವರ ಮುಂದೆ "ಸ್ಕೀಮಿನ್ಯಾಗ ಬಂತ್ರಿ." ಖರೇ ಬೆಲೆಯನ್ನು ಒಮ್ಮೆ ಬಾಯಿತಪ್ಪಿ ಹೇಳಿದ್ದು ಪಕ್ಕದ ಮನೆಯ ರೈತನಿಗೆ. ಅವನು ಸೈಕಲಿನ ಸುತ್ತ ಒಂದು ಸುತ್ತು ಹಾಕಿ ಅಂದ: "ಜೋಡಿ ಎತ್ತು ಬರ್ತಿದ್ವಲ್ರೀ ಸರ." ಸ್ವಲ್ಪ ತಡೆದು, "ಇದಕ್ಕ ಸ್ಟ್ಯಾಂಡೂ ಇಲ್ಲೇನ್ರಿ?"

ಆ ಒಂದು ಪ್ರಶ್ನೆಗೆ ಸುರಪುರದಲ್ಲಿ ಮಾಸ್ತರರು ಕೊಟ್ಟಷ್ಟು ಉತ್ತರ ಬೇರೆ ಯಾವ ಪ್ರಶ್ನೆಗೂ ಕೊಟ್ಟಿಲ್ಲ. ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಬೆಲ್ ಇಲ್ಲ. "ಮತ್ತ ಏನದ?" ಅಂದರೆ, ಹಗುರ ಅದ.

ಬೆಳಗಿನ ಜಾವ ಮಾಸ್ತರರು ಹೊರಡುವ ಚಂದ ನೋಡಬೇಕು. ಕೂರುವ ಜಾಗದಲ್ಲಿ ಮೆತ್ತೆ ಇಟ್ಟು ಹೊಲಿದ ಬಿಗಿಚಡ್ಡಿ, ಅದರ ಮೇಲೆ ಮರ್ಯಾದೆಗೊಂದು ಪೈಜಾಮ. ರಂಗಂಪೇಟೆ ದಾಟಿದ ಮೇಲೆ ಪೈಜಾಮ ಮಡಚಿ ಬೆನ್ನಿನ ಜೇಬಿಗೆ. ಮುಂದೆ ಬೀದರ–ಶ್ರೀರಂಗಪಟ್ಟಣ ಹೆದ್ದಾರಿ ಹಿಡಿದು ತಿಂಥಣಿಯ ಕಡೆ. ಮೌನೇಶ್ವರನಿಗೆ ಕೈ ಮುಗಿದು, ಕೃಷ್ಣೆಯ ಸೇತುವೆಯ ಮೇಲೆ ಸೈಕಲಿನ ಫೋಟೊ ತೆಗೆದು ಬರುವುದು ಅವರ ಸಂಕಲ್ಪ. ಸೈಕಲನ್ನು ಬಲಮಗ್ಗುಲಿನಿಂದಲೇ ತೆಗೆಯಬೇಕು, ಚೈನ್ ಕಾಣಬೇಕು, ಅದು ಶಾಸ್ತ್ರ. ಅಡ್ಡ ಬರುವುದು ಹೆದ್ದಾರಿಯಲ್ಲ, ಒಳರಸ್ತೆ. ರಾಶಿಯ ಕಾಲಕ್ಕೆ ಅಲ್ಲಿ ರೈತರು ತೊಗರಿ ಕಟ್ಟಿಗೆ ಹಾಸಿರುತ್ತಾರೆ, ಹೋಗುವ ಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡಲಿ ಅಂತ. ಲಾರಿ ಹಾಯ್ದರೆ ಕಾಳು ಉದುರುತ್ತದೆ. ಒಂಬತ್ತು ಕಿಲೋ ಸೈಕಲ್ ಹಾಯ್ದರೆ ಮಾಸ್ತರರು ಉದುರುತ್ತಾರೆ. ಬೂಟು ಪೆಡಲಿಗೆ ಕಚ್ಚಿಕೊಂಡಿರುವುದರಿಂದ ನಿಧಾನಕ್ಕೆ, ಸೈಕಲ್ ಸಮೇತ, ಒಂದೇ ಮಗ್ಗುಲಿಗೆ. "ಹುಡುಗ ಬಿದ್ದ ನೋಡ್ರಿ" ಎಂದು ಕಟ್ಟಿಗೆ ತಿರುವುವ ಮುದುಕಿ ಕೂಗಿದ್ದಕ್ಕೆ ಮಾಸ್ತರರಿಗೆ ಬೇಸರವೇನೂ ಆಗಲಿಲ್ಲ. ದೂರದಿಂದ ವಯಸ್ಸು ಕಾಣಲಿಲ್ಲವೆಂಬ ಸಮಾಧಾನ.

ಆಮೇಲೆ ಬಳ್ಳಾರಿ ಜಾಲಿ. ಆ ಮುಳ್ಳಿಗೆ ರೇಸೂ ಎಂಡ್ಯೂರೆನ್ಸೂ ಒಂದೇ. ಮಾಸ್ತರರು ಅದಕ್ಕೆಂದೇ ಟ್ಯೂಬ್‌ಲೆಸ್ ಹಾಕಿಸಿದ್ದರು: ಟೈರಿನೊಳಗೆ ಬಿಳಿ ದ್ರವ ಇರುತ್ತದೆ, ಮುಳ್ಳು ಚುಚ್ಚಿದಲ್ಲಿ ಹೊರಗೆ ಚಿಮ್ಮಿ ತಾನೇ ಗಟ್ಟಿಯಾಗಿ ತೂತು ಮುಚ್ಚುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ತುಂಬಬೇಕು. ಸೆಕೆ ಹೆಚ್ಚಿದ್ದಲ್ಲಿ ಇನ್ನೂ ಬೇಗ. ನಮ್ಮ ಬೇಸಿಗೆಯ ನಲವತ್ತೆರಡು ಡಿಗ್ರಿಯಲ್ಲಿ ಅದು ಎಂದೋ ಒಣಗಿತ್ತು. ಮಾಸ್ತರರು ಟಂಟಂ ಮೇಲೆ ಸೈಕಲ್ ಹೇರಿಕೊಂಡು ಬಸ್‌ಸ್ಟ್ಯಾಂಡ್ ಕಡೆಯ ಪಂಕ್ಚರ್ ಅಂಗಡಿಗೆ ಬಂದರು. ಅಂಗಡಿಯ ಚಾಚಾ ಟೈರ್ ಬಿಚ್ಚಿ ಒಳಗಿನ ಪದರನ್ನು ಎರಡು ಬೆರಳಲ್ಲಿ ಎಳೆದು ಬೆಳಕಿಗೆ ಹಿಡಿದ. "ಹಾಲಿನ ಕೆನಿ ಇದ್ದಂಗ ಅದ. ಟೈರಿನ್ಯಾಗ ಯಾಕ ಹಾಕಿದ್ರಿ ಸರ?" ವಿವರಣೆ ಪೂರ್ತಿ ಕೇಳಿದ. ಆಮೇಲೆ ಟ್ಯೂಬ್ ಹಾಕಿದ. ಅದರ ಪ್ರೆಸ್ಟಾ ವಾಲ್ವಿಗೆ ಅವನ ಗಾಳಿಯ ಪೈಪು ಹೊಂದಲಿಲ್ಲ; ಮಾಸ್ತರರ ಹತ್ತಿರ ಹಿತ್ತಾಳೆಯ ಅಡಾಪ್ಟರ್ ಇತ್ತು. ಎಪ್ಪತ್ತೆರಡು ಪಿಎಸ್‌ಐ ಅಂದರೆ ಎಪ್ಪತ್ತೆರಡೇ ಬೇಕು ಎಂದು ಅವರು ಪಟ್ಟು ಹಿಡಿದರು. ಚಾಚಾ ಹೆಬ್ಬೆರಳಲ್ಲಿ ಟೈರ್ ಒತ್ತಿ "ಆಯ್ತ್ರಿ" ಅಂದ. ಮನೆಗೆ ಹೋಗಿ ಗೇಜ್ ಹಚ್ಚಿ ನೋಡಿದರೆ ಎಪ್ಪತ್ತು. ಎರಡು ಪಾಯಿಂಟಿನ ತಪ್ಪನ್ನು ಮಾಸ್ತರರು ಸ್ಟಾಫ್ ರೂಮಿನಲ್ಲಿ ಒಂದು ವಾರ ಹೇಳಿದರು.

ಅಲ್ಲಿಂದ ಶುರುವಾಯಿತು ಸೈಕಲನ್ನು 'ತನಗೆ ಬೇಕಾದಂತೆ' ಮಾಡಿಕೊಳ್ಳುವ ಅಧ್ಯಾಯ. ಈ ಜನಕ್ಕೆ ಸೈಕಲ್ ಕೊಳ್ಳುವುದು ನಿಶ್ಚಿತಾರ್ಥ ಮಾತ್ರ. ಮೊದಲು ಬೆನ್ನು ನೋಯಿತು: ಹ್ಯಾಂಡಲಿನ ಕೆಳಗೆ ಉಂಗುರಗಳನ್ನು ಪೇರಿಸಿ ಎತ್ತರಿಸಿದರು, ಸಾಲದೆ ಹ್ಯಾಂಡಲ್ ಹಿಡಿದಿರುವ ತುಂಡನ್ನು ಬದಲಿಸಿ ಗಿಡ್ಡದ್ದು ಹಾಕಿಸಿದರು. ಅಂಗೈ ಜೋಮು ಹಿಡಿಯಿತು: 28 ಮಿಲಿಮೀಟರ್ ಟೈರ್ ಹೋಗಿ 32 ಬಂತು. ಈ ನಾಲ್ಕು ಮಿಲಿಮೀಟರಿನ ಚರ್ಚೆ ಒಂದು ಮಳೆಗಾಲ ತಿಂದಿತು. ಅದೇ ಮಳೆಗಾಲದಲ್ಲಿ ಕಾಲುವೆ ಬದಿಯ ಎರೆಮಣ್ಣು ಬೆನ್ನ ಮೇಲೆ ಉದ್ದಕ್ಕೆ ನಾಮ ಹಾಕಿದ ಮೇಲೆ ಮಡ್‌ಗಾರ್ಡ್ ಬಂತು. ಮತದಾರರ ಪಟ್ಟಿಯ ಬಿಎಲ್‌ಒ ಡ್ಯೂಟಿ ಬಿತ್ತು, ಫಾರಂ ಇಡಲಿಕ್ಕೆ ಕ್ಯಾರಿಯರ್ ಬಂತು. ಬ್ಯಾಟರಿಯ ನಂಬಿಕೆ ಇಲ್ಲವೆಂದು ಮುಂದಿನ ಗಾಲಿಗೆ ಡೈನಮೊ. ಎಮ್ಮೆಗಳಿಗೆ ಬೆಲ್. ಮೆತ್ತನೆಯ ಸೀಟು ಒಗ್ಗದೆ ಇಂಗ್ಲೆಂಡಿನ ಬ್ರೂಕ್ಸ್ ಕಂಪನಿಯ ಅಪ್ಪಟ ಚರ್ಮದ ಸೀಟು, ಹಿತ್ತಾಳೆಯಂಥ ಮೊಳೆಗಳು ಕಾಣುವಂಥದ್ದು. ಕಡೆಗೆ ಯಾರಿಗೂ ಹೇಳದೆ ಒಂದು ಸ್ಟ್ಯಾಂಡು. ಪ್ರತಿಯೊಂದಕ್ಕೂ ಮಾಸ್ತರರ ಹತ್ತಿರ ಕಾರಣ ಇತ್ತು. ಮತ್ತು ನ್ಯಾಯವಾಗಿ ಹೇಳಬೇಕೆಂದರೆ ಪ್ರತಿ ಕಾರಣವೂ ಸರಿಯಾಗಿತ್ತು.

ಇದನ್ನೆಲ್ಲ ಒಂದೊಂದಾಗಿ ಬಿಗಿದುಕೊಟ್ಟ ಚಾಚಾ ಒಂದು ದಿನ ಪಾನಾ ಕೆಳಗಿಟ್ಟು, ಅಂಗಡಿಯ ಗೋಡೆಗೆ ಒರಗಿದ್ದ ತನ್ನ ಹಳೆಯ ಅಟ್ಲಾಸನ್ನು ಎಳೆದು ತಂದು ಪಕ್ಕದಲ್ಲಿ ನಿಲ್ಲಿಸಿದ. ನೆಟ್ಟಗೆ ಕೂರುವ ಹ್ಯಾಂಡಲ್, ಚರ್ಮದ ಸೀಟು, ಡೈನಮೊ, ಕ್ಯಾರಿಯರ್, ಮಡ್‌ಗಾರ್ಡ್, ಬೆಲ್, ಸ್ಟ್ಯಾಂಡ್. ಟೈರಿನ ಅಂಚಿನ ಮೇಲೆ ಬೆರಳಿಟ್ಟು ಓದಿದ: "ಅಠ್ಠಾಯೀಸ್ ಡೇಢ್." ಇಪ್ಪತ್ತೆಂಟು ಇಂಚಿನ ಗಾಲಿಗೆ ಒಂದೂವರೆ ಇಂಚಿನ ಟೈರು, ಅಂದರೆ ಸುಮಾರು 38 ಮಿಲಿಮೀಟರ್. ಮಾಸ್ತರರು ಲೆಕ್ಕ ಹಾಕಿದ್ದು ಮುಖದಲ್ಲಿ ಕಂಡಿತು. ಯುರೋಪಿನ ರೇಸುಗಳಲ್ಲಿ ದಶಕಗಟ್ಟಲೆ 23 ಮಿಲಿಮೀಟರ್ ಟೈರೇ ಶ್ರೇಷ್ಠ ಎಂದು ನಡೆದಿತ್ತು; ಒರಟು ದಾರಿಯಲ್ಲಿ ದಪ್ಪ ಟೈರು, ಕಡಿಮೆ ಗಾಳಿಯೇ ವೇಗ ಎಂದು ಗೊತ್ತಾಗಿ 25 ಆಯಿತು, 28 ಆಯಿತು, ಎಂಡ್ಯೂರೆನ್ಸ್ ಸೈಕಲಿನಲ್ಲಿ 32 ಆಯಿತು. ಈಚಿನ ಡೊಮಾನೆಯಲ್ಲಿ 38 ಹಿಡಿಸುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಅಟ್ಲಾಸಿನವರು ಅಲ್ಲಿಂದ ಕದಲಿರಲೇ ಇಲ್ಲ. ಪಾಪ, ಅವರ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಬಾಗಿಲು ಹಾಕಿತು.

"ಆದ್ರ ತೂಕ?" ಅಂದರು ಮಾಸ್ತರರು. ಗೊಬ್ಬರದಂಗಡಿಯ ಕಾಟಾದಲ್ಲಿ ಎರಡನ್ನೂ ಇಟ್ಟರು. ಒಂಬತ್ತಿದ್ದದ್ದು ಹದಿನಾಲ್ಕಾಗಿತ್ತು. ಅಟ್ಲಾಸ್ ಇಪ್ಪತ್ತರ ಮೇಲಿತ್ತು. ಮಾಸ್ತರರು ಗೆದ್ದರು. 2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯವರಿಗೆ ಕೊಡಲು ಶುರುಮಾಡಿದಂಥ ಸೈಕಲೊಂದನ್ನು ತುಳಿಯುತ್ತ ಅದೇ ಹೊತ್ತಿಗೆ ಒಬ್ಬ ಹುಡುಗ, ಹಿಂದೆ ತಂಗಿ, ಮುಂದೆ ಜೋಳದ ಹಿಟ್ಟಿನ ಡಬ್ಬಿ, ಏರು ಹತ್ತಿ ಹೋದ. ಅವನ ಅಳತೆ ಯಾರೂ ತೆಗೆದಿರಲಿಲ್ಲ.

ಈಗ ಮಾಸ್ತರರ ಗೋಡೆಯ ಮೇಲೆ 2027 ಎಂದು ಬರೆದ ಚೀಟಿ ಇದೆ. ನಾಲ್ಕು ವರ್ಷಕ್ಕೊಮ್ಮೆ ಬರುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್: 1200 ಕಿಲೋಮೀಟರ್, 90 ಗಂಟೆ. ಅದಕ್ಕೆ ಅದೇ ವರ್ಷ 200, 300, 400, 600 ಕಿಲೋಮೀಟರುಗಳನ್ನು ಒಂದೊಂದಾಗಿ ಮುಗಿಸಿರಬೇಕು. ಮೊದಲ 200ಕ್ಕೆ ಹದಿಮೂರೂವರೆ ತಾಸು. ತಿಂಥಣಿಯ ತನಕ ಹೋಗಿ, ಟಂಟಂ ಇಲ್ಲದೆ, ಮರಳಿ ಬಂದದ್ದುಂಟು. ಸಕ್ಕರೆಯೂ ಇಳಿದಿದೆಯಂತೆ, ಸೈಕಲಿನಿಂದಲೊ, ಅದನ್ನು ಪಂಕ್ಚರ್ ಅಂಗಡಿಗೆ ನೂಕಿಕೊಂಡು ನಡೆದದ್ದರಿಂದಲೊ ಡಾಕ್ಟರು ಕೇಳಿಲ್ಲ.

ನೀವೂ ಅಂಥದ್ದೊಂದು ಸೈಕಲ್ ಕೊಳ್ಳುವ ವಿಚಾರದಲ್ಲಿದ್ದರೆ ಮಾಸ್ತರರನ್ನು ಕೇಳಬೇಡಿ, ಎರಡು ಬೇಸಿಗೆ ಹೋಗುತ್ತದೆ. ಚಾಚಾನನ್ನು ಕೇಳಿ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತು ಬಿಟ್ಟರೆ ಅಂಗಡಿ ತೆರೆದೇ ಇರುತ್ತದೆ.