ಇಂಗ್ಲಿಷಿಗೊಂದು ಒಡಪು

ಇಂಗ್ಲಿಷ್ ಮಾತಾಡಲು ಕಲಿಸುವ ಪುಸ್ತಕ ಬರೆದವರು ಯಾರೂ ನಮ್ಮ ಮೂಡಲಗಿ ಕಡೆಯವರಲ್ಲ ಎಂಬುದು ಮೊದಲನೇ ಪಾಠದಲ್ಲೇ ಗೊತ್ತಾಗಿಬಿಡುತ್ತದೆ. ಅಲ್ಲಿ ರಾಮ 'ವೇರ್ ಆರ್ ಯು ಗೋಯಿಂಗ್?' ಎಂದು ಕೇಳುತ್ತಾನೆ. ಸೋಮ ನಗುನಗುತ್ತ 'ಆಯ್ ಆ್ಯಮ್ ಗೋಯಿಂಗ್ ಟು ದಿ ಮಾರ್ಕೆಟ್' ಅನ್ನುತ್ತಾನೆ. ನಮ್ಮಲ್ಲಿ ಹೊಸ್ತಿಲು ದಾಟಿದವನನ್ನು 'ಎಲ್ಲಿಗೆ ಹೊಂಟಿ?' ಎಂದು ಕೇಳಿ ನೋಡಿ, ಸೋಮ ನಗುವುದಿಲ್ಲ. ಚಪ್ಪಲಿ ಕಳಚಿ ಒಳಗೆ ಬರುತ್ತಾನೆ, ಒಂದು ತಂಬಿಗೆ ನೀರು ಕುಡಿಯುತ್ತಾನೆ, ಗಳಿಗೆ ಹೊತ್ತು ಕೂರುತ್ತಾನೆ, ರಾಮನ ಹಿರಿಯರನ್ನೆಲ್ಲ ಒಂದು ಸುತ್ತು ನೆನೆಯುತ್ತಾನೆ, ಆಮೇಲೆ ಮತ್ತೆ ಹೊರಡುತ್ತಾನೆ.

ನನ್ನ ಶಿಷ್ಯನೊಬ್ಬ ಈ ಪಾಠವನ್ನು ಮನೆಯಲ್ಲಿ ಅಭ್ಯಾಸ ಮಾಡಿದ. ಅಜ್ಜ ಹುಕ್ಕೇರಿಗೆ ಕನ್ಯಾ ನೋಡಲು ಹೊರಟಿದ್ದರು, ಹಿರಿಯ ಮೊಮ್ಮಗನಿಗೆ. ರುಮಾಲು ಸುತ್ತಿ ಅಂಗಳಕ್ಕೆ ಇಳಿದಿದ್ದರಷ್ಟೆ, ಹುಡುಗ ಕೇಳಿಯೇಬಿಟ್ಟ. ಅಜ್ಜನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಪ್ರಶ್ನೆಯ ಬಾಲ ಮೇಲಕ್ಕೆ ಏಳುವುದು ಯಾವ ಭಾಷೆಯಲ್ಲಾದರೂ ಕಿವಿಗೆ ತಿಳಿಯುತ್ತದೆ. ಕನ್ಯಾ ನೋಡುವ ಕಾರ್ಯಕ್ರಮ ಮುಂದಿನ ವಾರಕ್ಕೆ ಹೋಯಿತು. ಮರುದಿನ ಹುಡುಗ ವರ್ಗದಲ್ಲಿ ಎದ್ದು ನಿಂತ. 'ಸರ, ಇಂಗ್ಲಿಷಿನ್ಯಾಗ ಕೇಳಿದ್ರೂ ಅಪಶಕುನ ಆಗತೈತೇನ್ರಿ?' ಬಿ.ಎಡ್. ಓದುವಾಗ ನಮಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆದರೂ ಅಪಶಕುನದಿಂದ ನನಗೆ ಲಾಭವೇ ಆಗಿದೆ. ವ್ಯಾಕರಣದಲ್ಲಿ 'ಇಫ್' ವಾಕ್ಯ ಬಂತೆಂದರೆ ಮಕ್ಕಳು ಕಿಟಕಿ ಕಡೆ ನೋಡಲು ಶುರು ಮಾಡುತ್ತಾರೆ. ಪುಸ್ತಕದ ಉದಾಹರಣೆಯೂ ಹಾಗೇ ಇದೆ: ಮಳೆ ಬಂದರೆ ಪಂದ್ಯ ನಿಲ್ಲುತ್ತದಂತೆ. ಮಳೆ ಬಂದರೆ ಕುಣಿದಾಡುವ ಸೀಮೆ ನಮ್ಮದು. ಹಾಗಾಗಿ ನಾನು ಊರ ಶಕುನಗಳಿಗೇ ಕೈಹಾಕಿದೆ. ಯೋಚಿಸಿ ನೋಡಿದರೆ ಜಗತ್ತಿನ ಮೂಢನಂಬಿಕೆಗಳೆಲ್ಲ ಇರುವುದೇ 'ಇಫ್' ವಾಕ್ಯದಲ್ಲಿ. ಹಲ್ಲಿ ಲೊಚಗುಟ್ಟಿದರೆ ಮಾತು ಖರೆ, ಕಾಗೆ ಕೂಗಿದರೆ ಬೀಗರು, ಅಂಗೈ ಕೆರೆದರೆ ರೊಕ್ಕ. ಪಾಠ ಬಾರದವರಿಗೂ ಪರಿಣಾಮಗಳು ಬಾಯಿಪಾಠ. ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಾರಲ್ಲ, ಬಿಳಿ ಎತ್ತು ಹರಿದರೆ ಹಿಂಗಾರಿ ಪೀಕು ಚಲೋ, ಕೆಂದ ಎತ್ತು ಹರಿದರೆ ಮುಂಗಾರಿ. ಹಿಂದಿನ ಬೆಂಚಿನ ರೈತರ ಮಗ ಎದ್ದು ನಿಂತು 'ಇಫ್ ವೈಟ್ ಬುಲಕ್ ವಿನ್ಸ್, ಜೋಳ ವಿಲ್ ಬಿ ಗುಡ್' ಎಂದಾಗ ವರ್ಗವೆಲ್ಲ ಚಪ್ಪಾಳೆ ತಟ್ಟಿತು. ಜೋಳಕ್ಕೆ ಇಂಗ್ಲಿಷ್ ಕೇಳುವ ಮನಸ್ಸು ನನಗೂ ಬರಲಿಲ್ಲ.

ಅದೇ ಉಮೇದಿನಲ್ಲಿ ಇಂಗ್ಲೆಂಡಿನ ಕಥೆ ಹೇಳಿದೆ. ಅಲ್ಲಿ ಕನ್ನಡಿ ಒಡೆದರೆ ಏಳು ವರ್ಷ ಕಷ್ಟ, ಏಣಿಯ ಕೆಳಗೆ ಹಾಯಬಾರದು, ಹದಿಮೂರೆಂದರೆ ಅಂಜಿಕೆ. ಆದರೆ ಆ ದೇಶದ ಎಷ್ಟೋ ಕಡೆ ಕರಿಬೆಕ್ಕು ಅಡ್ಡ ಬಂದರೆ ಒಳ್ಳೆಯದು. ವರ್ಗ ಸ್ತಬ್ಧವಾಯಿತು. ಕೊನೆಗೆ ಒಬ್ಬಳು ಕೇಳಿದಳು: 'ಹಂಗಾರ ಇಂಗ್ಲಿಷ್ ಪೇಪರ್ ದಿನ ಬೆಕ್ಕು ಅಡ್ಡ ಬಂದ್ರ ನಡೀತೈತಲ್ರಿ ಸರ? ಗಣಿತದ ದಿನ ಬ್ಯಾಡ್ರಿ.'

ನಮ್ಮ ಸೀಮೆಗೆ ಇಂಗ್ಲಿಷ್ ಹೊಸದೇನಲ್ಲ. ಘಟಪ್ರಭೆ ಸುಮಾರು 170 ಅಡಿ ಕೆಳಗೆ ಧುಮುಕುವ ಜಾಗದಲ್ಲಿ ಹತ್ತೊಂಬತ್ತನೇ ಶತಮಾನದಲ್ಲೇ ಹತ್ತಿಯ ಮಿಲ್ಲು ಬಂತು, ಮಿಲ್ಲಿನ ಜೊತೆ ಸಾಹೇಬರು ಬಂದರು. ಸಾಹೇಬರು ಹೋದರೂ 'ಗೋಕಾಕ ಫಾಲ್ಸ್' ಎಂಬ ಹೆಸರು ಉಳಿಯಿತು. ಒಂದಕ್ಷರ ಓದಿರದ ಆಯಿ ಕೂಡ 'ಮಗಳನ್ನ ಫಾಲ್ಸ್‌ಗೆ ಕೊಟ್ಟೀವಿ' ಅನ್ನುತ್ತಾಳೆ, ಅದರಲ್ಲಿ ಆಕೆಗೆ ಇಂಗ್ಲಿಷೇನೂ ಕಾಣುವುದಿಲ್ಲ.

ಹೊರಗಿನವರಿಗೆ ಮಾತ್ರ ಗೋಕಾಕ ಅಂದ ಕೂಡಲೇ ಕರದಂಟು ನೆನಪಾಗುತ್ತದೆ, ಇಲ್ಲವೇ ಚಳವಳಿ. 'ಓ, ಗೋಕಾಕ ಚಳವಳಿ ನಡೆದ ಊರೇ?' ಎಂದು ಬೆಂಗಳೂರಿನವರು ಗೌರವದಿಂದ ನೋಡುತ್ತಾರೆ. ಬಿಡಿಸಿ ಹೇಳಬೇಕು: ಚಳವಳಿಗೆ ಆ ಹೆಸರು ಬಂದದ್ದು ವಿ.ಕೃ. ಗೋಕಾಕರ ವರದಿಯಿಂದ, ವರದಿ ಬಂದದ್ದು 1981ರಲ್ಲಿ, ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಇನ್ನೂ ಮಜಾ ಅಂದರೆ, ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಲಿ ಎಂದು ಬರೆದುಕೊಟ್ಟವರು ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಇಂಗ್ಲಿಷ್ ಪ್ರಾಧ್ಯಾಪಕರು. ನಾನೂ ಇಂಗ್ಲಿಷ್ ಮಾಸ್ತರನೇ ಆದ್ದರಿಂದ ಈ ವಿಷಯ ಹೇಳುವಾಗ ಎದೆ ಸ್ವಲ್ಪ ಉಬ್ಬುತ್ತದೆ. 2007-08ರಲ್ಲಿ ಕನ್ನಡ ಶಾಲೆಗಳಿಗೂ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ಬಂದ ಮೇಲಂತೂ ನಮ್ಮ ಬೆಲೆ ಏರಿತು. ಮಕ್ಕಳ ಅವ್ವಂದಿರು 'ನಮಗೂ ನಾಕ್ ಮಾತ ಕಲಸ್ರಿ ಸರ' ಅಂದರು. ಬೇಸಗೆ ಸೂಟಿಯಲ್ಲಿ ಗೋಕಾಕದಲ್ಲಿ ಅವರಿಗಾಗಿ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸು ತೆರೆದೆ.

'ವಾಟ್ ಈಜ್ ಯುವರ್ ನೇಮ್?' ಸುಸೂತ್ರವಾಗಿ ಮುಗಿಯಿತು. 'ವಾಟ್ ಈಜ್ ಯುವರ್ ಹಸಬಂಡ್ಸ್ ನೇಮ್?' ಎಂದೆ. ಇಡೀ ಕ್ಲಾಸು ಸೆರಗು ಬಾಯಿಗೆ ಹಿಡಿಯಿತು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ ರೇಶನ್ ಕಾರ್ಡಿನ ಸಾಲಿನಲ್ಲೇ ಕರಗಿಲ್ಲ, ನನ್ನ ಕ್ಲಾಸಿನಲ್ಲಿ ಕರಗೀತೇ? ಸರಿ, ಹೆಸರು ಬೇಡ, ಅವರು ಏನು ಮಾಡುತ್ತಾರೆ ಹೇಳಿ ಎಂದೆ. ಅಲ್ಲಿ ಇನ್ನೊಂದು ಮುಳ್ಳು. 'ಹೀ ಅಂದ್ರ ಅಂವ ಅಂದಂಗ ಆತಲ್ರಿ. ಮನೀ ಯಜಮಾನರಿಗೆ ಏಕವಚನ ಹೆಂಗ ಹಚ್ಚೂದು?' ಅವರೇ ಒಂದು ದಾರಿ ಹುಡುಕಿಕೊಂಡರು. 'ಮೈ ಹಸಬಂಡ್ ಆರ್ ಗುಡ್. ದೇ ವೆಂಟ್ ಟು ಘಟಪ್ರಭಾ. ದೇ ವಿಲ್ ಕಮ್ ಅಟ್ ನೈಟ್.' ಬಾಗಿಲಲ್ಲಿ ನಿಂತು ಕೇಳಿದವರು, ಮಾಸ್ತರು ದ್ರೌಪದಿಯ ಪಾಠ ಮಾಡುತ್ತಿದ್ದಾರೆ ಎಂದುಕೊಂಡಿದ್ದರೆ ತಪ್ಪಿಲ್ಲ.

ಹೆಸರಿನ ಗಂಟು ಬಿಡಿಸಿದವರು ಒಬ್ಬ ವೈನಿ. ಮದುವೆಯಾಗಿ ಬಂದ ಸೊಸೆಯನ್ನು ನಾದಿನಿಯರು ಬಾಗಿಲಲ್ಲಿ ತಡೆದು 'ಹೆಸರ ಹೇಳು, ಆಮ್ಯಾಲೆ ಒಳಗ ಬಾ' ಅನ್ನುತ್ತಾರೆ. ಆಗ ಒಡಪಿನಲ್ಲಿ ಸುತ್ತಿ ಹೆಸರು ಹೇಳಿದರೆ ದೋಷವಿಲ್ಲ, ಆಯುಷ್ಯಕ್ಕೂ ಧಕ್ಕೆಯಿಲ್ಲ. ವೈನಿ ಎದ್ದು, ಗಂಟಲು ಸರಿಮಾಡಿಕೊಂಡು, ಇಂಗ್ಲಿಷಿನಲ್ಲೇ ಒಡಪು ಹಾಕಿದರು:

'ಫಾಲ್ಸ್ ವಾಟರ್ ಕಮ್ಸ್ ಡೌನ್,
ಗೋಕಾಕ ಕರದಂಟು ಈಜ್ ಬ್ರೌನ್,
ಮೈ ಇಂಥವರು ಆರ್ ದಿ ಕಿಂಗ್ ಆಫ್ ದಿ ಟೌನ್!'

'ಇಂಥವರು' ಎಂದು ಬರೆದದ್ದು ನಾನು. ಆಕೆ ಹೆಸರನ್ನೇ ಹೇಳಿದರು, ಕೆನ್ನೆ ಕೆಂಪಗಾಗಿತ್ತು. ಆ ಹೆಸರು ಹೇಳುವ ಹಕ್ಕು ಆಕೆಯದು, ನನ್ನದಲ್ಲ. ಆಮೇಲೆ ಪೈಪೋಟಿ ಹತ್ತಿತು. 'ಬಸ್ ಈಜ್ ಲೇಟ್, ರೊಟ್ಟಿ ಆನ್ ದಿ ಪ್ಲೇಟ್' ಎಂದು ಶುರು ಮಾಡಿದವರೊಬ್ಬರು ಗಂಡನನ್ನು ಗೇಟಿನ ಹತ್ತಿರ ನಿಲ್ಲಿಸಿ ಕುಳಿತರು. ಪ್ರಾಸಕ್ಕೆ ಬೇಕೆಂದು ಹೊಸ ಶಬ್ದ ಕೇಳುವವರೇ ಎಲ್ಲರೂ. ಕಂಠಪಾಠ ಮಾಡಿಸಿ ನಾನು ತುಂಬಲಾರದ ಶಬ್ದಕೋಶವನ್ನು ಗಂಡಂದಿರು ತುಂಬಿದರು.

ಆ ಕ್ಲಾಸಿನ ಕೀರ್ತಿ ಒಂದು ಮದುವೆಯ ಹಂದರದವರೆಗೂ ಹೋಯಿತು. ಲಗ್ನಪತ್ರಿಕೆಯಲ್ಲಿ 'ವೆಡ್ಸ್' ಎಂದು ಅಚ್ಚಾಗಿ ನಾಲ್ಕು ಮೂಲೆಗೆ ಅರಿಷಿಣ ಬೀಳುವುದು ಈಗ ಮಾಮೂಲು. ಈ ಮದುವೆ ಮನೆಯವರು ಒಂದು ಹೆಜ್ಜೆ ಮುಂದೆ ಹೋಗಿ ಆಯೇರ ಓದುವ ಮೈಕನ್ನೇ ನನ್ನ ಶಿಷ್ಯನ ಕೈಗಿಟ್ಟು 'ಇಂಗ್ಲಿಷಿನ್ಯಾಗ ಓದಲೇ, ಬೀಗರಿಗೆ ತಿಳೀಲಿ' ಅಂದರು. ಹುಡುಗ ಚೆನ್ನಾಗಿಯೇ ಓದುತ್ತಿದ್ದ: 'ಒನ್ ಶರ್ಟ್ ಪೀಸ್, ಒನ್ ಸಾರಿ, ಒನ್ ಸ್ಟೀಲ್ ಕೊಡ.' ಆಮೇಲೆ ಹಿರಿಯರಿಗೆ ಮಾನ ಮಾಡುವ ಹೊತ್ತು ಬಂತು. 'ಅಂಕಲ್ ಫ್ರಮ್ ಹುಕ್ಕೇರಿ, ಪ್ಲೀಸ್ ಕಮ್. ಒನ್ ಟೊಪಗಿ, ಒನ್ ಟವೆಲ್.'

ಹುಕ್ಕೇರಿಯಿಂದ ಬಂದವರು ಇಬ್ಬರಿದ್ದರು. ಒಬ್ಬರು ಮದುಮಗಳ ಕಾಕಾ, ಇನ್ನೊಬ್ಬರು ಸೋದರಮಾವ. ಇಬ್ಬರೂ ಎದ್ದರು. ಅಕ್ಕಿಕಾಳು ಬೀಳುವಾಗ ಹುಡುಗಿಯ ಬೆನ್ನಿಗೆ ನಿಂತವನು ತಾನು ಎಂದರು ಮಾಮಾ. ಹಂದರದ ಖರ್ಚು ನೋಡಿದವನು ತಾನು ಎಂದರು ಕಾಕಾ. ಟವೆಲ್ಲಿನ ಒಂದು ತುದಿ ಇವರ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. 1969ರಲ್ಲೇ ಸಹಕಾರಿ ಸಂಘ ಕಟ್ಟಿಕೊಂಡು ಊರೂರಿಗೆ ಕರೆಂಟನ್ನೇ ಹಂಚಿದ ತಾಲೂಕಿನವರು ಒಂದು ಟವೆಲ್ ಹಂಚಿಕೊಳ್ಳಲಾರರೇ ಎಂದು ನನಗೆ ಅನಿಸಿತು. ಗಟ್ಟಿಯಾಗಿ ಹೇಳುವ ಧೈರ್ಯ ಬರಲಿಲ್ಲ. ಮಾನದ ಟವೆಲ್ಲಿನ ಲೆಕ್ಕವೇ ಬೇರೆ.

ಮೈಕಿನ ಹುಡುಗ ಜಗಳ ಬಗೆಹರಿಸಲು ಬುದ್ಧಿ ಓಡಿಸಿದ. 'ಅಂಕಲ್ ನಂಬರ್ ಒನ್, ಅಂಕಲ್ ನಂಬರ್ ಟು, ಬೋತ್ ಪ್ಲೀಸ್ ಕಮ್!' ಅಲ್ಲಿಯವರೆಗೆ ಜಗಳ ಟವೆಲ್ಲಿಗಿತ್ತು. ಈಗ ನಂಬರ್ ಟು ಯಾರು ಎಂಬುದಕ್ಕೆ ತಿರುಗಿ, ಎರಡೂ ಕಡೆಯ ಹೆಣ್ಣುಮಕ್ಕಳೂ ಸೇರಿಕೊಂಡರು. 'ಇಂವಗ ಇಂಗ್ಲಿಷ್ ಕಲಿಸಿದಾಂವ ಯಾಂವ?' ಎಂದು ಯಾರೋ ಕೇಳಿದ್ದು ಕಿವಿಗೆ ಬಿದ್ದದ್ದೇ, ನಾನು ಊಟದ ಪಂಕ್ತಿಯ ಆಚೆ ತುದಿಗೆ ಹೋಗಿ ಕುಳಿತೆ.

ಗೋಧಿ ಹುಗ್ಗಿಯ ಬಕೆಟ್ ಹಿಡಿದು ಬಂದವನೂ ನನ್ನ ಶಿಷ್ಯನೇ. ಸೌಟು ಎತ್ತಿ ನಿಂತ.

'ಸರ, ಸಮ್ ಹುಗ್ಗಿ ಅನಬೇಕೋ, ಎನಿ ಹುಗ್ಗಿ ಅನಬೇಕ್ರಿ?'

'ಮೊದಲ ಹಾಕೋ ತಮ್ಮಾ,' ಎಂದೆ. 'ತುಪ್ಪದಾಂವನ್ನೂ ಇತ್ತ ಕಳಸು.'