ಅಕಾಲವಾರ್ಧಕ್ಯ ಮೀಮಾಂಸೆ

ಸಕಲ ಜೀವಿಗಳೂ ಮುಪ್ಪನ್ನು ಮುಂದೂಡಲು ಹೆಣಗುತ್ತಿರುವ ಈ ಲೋಕದಲ್ಲಿ, ಮೊನ್ನೆಯಷ್ಟೆ ಬಡಗಿಯ ಕೈಯಿಂದ ಇಳಿದ ಮೇಜು ಬೀರುಗಳಿಗೆ ಹಣ ತೆತ್ತು ಮುಪ್ಪನ್ನು ಬರಿಸುವ ವಿದ್ಯೆಯೊಂದು ಪ್ರವರ್ಧಮಾನಕ್ಕೆ ಬಂದಿದ್ದರೂ ಅದಕ್ಕೊಂದು ಭಾಷ್ಯವಿಲ್ಲದಿರುವುದು ಸೋಜಿಗವೇ ಸರಿ. ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನತಂತ್ರವು ಜರೆಯನ್ನು ನಿವಾರಿಸುವುದಾದರೆ, ಜರೆಯನ್ನು ಪ್ರತಿಷ್ಠಾಪಿಸುವ ಇದನ್ನು ಒಂಬತ್ತನೆಯದಾಗಿ ಎಣಿಸಲು ಅಡ್ಡಿಯೇನೂ ತೋರದು. ಶಾಸ್ತ್ರವೆಂದಮೇಲೆ ಅನುಬಂಧ ಚತುಷ್ಟಯವನ್ನು ಹೇಳದೆ ಮುಂದುವರಿಯುವುದು ಸಲ್ಲದು: ವಿಷಯ, ಕಾಷ್ಠದ ಕೃತಕ ವಾರ್ಧಕ್ಯ. ಪ್ರಯೋಜನ, ‘ಇದು ನಿಮ್ಮ ಮುತ್ತಜ್ಜಿಯ ಕಾಲದ್ದೇ?’ ಎಂದು ಅತಿಥಿಯು ಕೇಳುವುದು. ಸಂಬಂಧ, ಆ ಮುತ್ತಜ್ಜಿಗೂ ಮೇಜಿಗೂ ಇಲ್ಲದ ನಂಟು. ಅಧಿಕಾರಿ, ನಿಜವಾದ ಮುತ್ತಜ್ಜಿಯ ಮೇಜನ್ನು ಗುಜರಿಗೆ ಹಾಕಿದವನು.

ಈ ದರ್ಶನದ ಸೂತ್ರಕರ್ತ್ರಿ ಆಂಗ್ಲದೇಶದ ಆನಿ ಸ್ಲೋನ್ ಎಂಬಾಕೆ. ತರ್ಕಕ್ಕೂ ಧರ್ಮಶಾಸ್ತ್ರಕ್ಕೂ ಹೆಸರಾದ ಆಕ್ಸ್‌ಫರ್ಡಿನ ಈ ಮಹಿಳೆ 1990ರಲ್ಲಿ ‘ಚಾಕ್ ಪೇಂಟ್’ ಎಂಬ ಬಣ್ಣವನ್ನು ಬಳಕೆಗೆ ತಂದರು. ಅದರ ಹಿಂದಿನ ವರ್ಷವೇ ರೇಚಲ್ ಆಶ್ವೆಲ್ ಎಂಬವರು ಅಮೆರಿಕದ ಸಾಂಟಾ ಮೋನಿಕಾದಲ್ಲಿ ‘ಶ್ಯಾಬಿ ಶಿಕ್’ ಎಂಬ ಅಂಗಡಿ ತೆರೆದು, ಸವೆದುದೇ ಸೊಗಸೆಂಬ ಮತಕ್ಕೆ ಪೀಠ ಕಲ್ಪಿಸಿದ್ದರು. ಈ ಮತದವರು ಆದರ್ಶವೆಂದು ಕೊಂಡಾಡುವುದು ಸ್ವೀಡನ್ನಿನ ದೊರೆ ಮೂರನೆಯ ಗುಸ್ತಾವನ (1771–1792) ಕಾಲದ ಬೂದುಬಿಳುಪಿನ ಪೀಠೋಪಕರಣಗಳನ್ನು. ಅವಾದರೋ ಫ್ರಾನ್ಸಿನ ಅರಮನೆಯ ವೈಭವವನ್ನು ಕಂಡು ಮಾಡಿದವು. ಆದುದರಿಂದ ಇಂದಿನ ಸಾಧಕನು ಮಾಡುತ್ತಿರುವುದು ಅನುಕರಣದ ಅನುಕರಣ.

ಇಲ್ಲಿ ಪೂರ್ವಪಕ್ಷಿಯು, ಕಾಲಪುರುಷನೇ ಈ ಕೆಲಸವನ್ನು ಧರ್ಮಾರ್ಥವಾಗಿ ಮಾಡಿಕೊಡುವಾಗ ಕುಂಚವೇತಕ್ಕೆಂದು ಕೇಳಬಹುದು. ಕಾಲಪುರುಷನಿಗೆ ಅಭಿರುಚಿಯಿಲ್ಲ, ಅವನು ಅಂಚನ್ನು ನಯವಾಗಿ ಸವೆಸುವ ಬದಲು ಕಾಲನ್ನೇ ಮುರಿದುಹಾಕುವನು ಎಂಬುದೇ ಸಿದ್ಧಾಂತ.

ಇನ್ನು ದ್ರವ್ಯವಿಚಾರ. ಸೀಮೆಸುಣ್ಣದ ಪುಡಿ ಬಣ್ಣದಲ್ಲಿ ಹೆಚ್ಚಾಗಿ, ಅದನ್ನು ಹಿಡಿದಿಡುವ ಅಂಟು ಕಡಮೆಯಾದಾಗ ಕಣಗಳು ಮೇಲ್ಮೈಯಲ್ಲಿ ತಲೆಯೆತ್ತಿ ನಿಂತು ಬೆಳಕನ್ನು ಚೆದರಿಸುವುದರಿಂದ ಹೊಳಪು ಹುಟ್ಟದು. ಅದೇ ಕಾರಣದಿಂದ ಆ ಲೇಪವು ಉಜ್ಜಿದೊಡನೆ ಪುಡಿಯಾಗಿ ಉದುರುವುದು, ಮೇಣದ ರಕ್ಷೆಯಿಲ್ಲದೆ ಕಲೆಗಳನ್ನೆಲ್ಲ ಹೀರಿಕೊಳ್ಳುವುದು. ಹಳೆಯ ಬಣ್ಣವನ್ನು ಉಜ್ಜಿ ತೆಗೆಯದೆಯೂ ಇದನ್ನು ಬಳಿಯಬಹುದೆಂಬುದು ಸೋಮಾರಿಗಳಿಗೆ ದೊರೆತ ವರ. ಮೊದಲು ಗಾಢವರ್ಣ, ಒಣಗಿದ ಬಳಿಕ ಅಂಚುಗಳಿಗೆ ಮೇಣದಬತ್ತಿಯ ತೀಡು, ಅದರ ಮೇಲೆ ತಿಳಿವರ್ಣ. ಮೇಣ ತಾಗಿದೆಡೆಯಲ್ಲಿ ಮೇಲಿನ ಪದರ ನೆಲೆಗೊಳ್ಳದೆ, ಮರಳುಕಾಗದವನ್ನು ಹಗುರವಾಗಿ ಆಡಿಸಿದೊಡನೆ ಎದ್ದುಬರುವುದು.

ವಿದ್ಯೆಯ ಮರ್ಮವಿರುವುದು ಎಲ್ಲಿ ಉಜ್ಜಬೇಕೆಂಬಲ್ಲಿ. ಸವೆತಕ್ಕೆ ಕರ್ತೃವೊಬ್ಬನು ಬೇಕು. ಸೆಳೆಖಾನೆಯ ಹಿಡಿಯ ಸುತ್ತ ಬಣ್ಣ ಹೋಗಿದ್ದರೆ ಅದನ್ನು ನಿತ್ಯವೂ ಎಳೆದ ಬೆರಳುಗಳುಂಟು. ಕುರ್ಚಿಯ ಕೆಳಗಣ ಅಡ್ಡಪಟ್ಟಿ ಸವೆದಿದ್ದರೆ ಅಲ್ಲಿ ಪಾದವಿಟ್ಟು ಕುಳಿತವರುಂಟು. ಹಲಗೆಯ ನಟ್ಟನಡುವೆ, ಯಾರ ಕೈಯೂ ತಾಗದೆಡೆ, ವೃತ್ತಾಕಾರವಾಗಿ ಉಜ್ಜಿಟ್ಟವನ ವಂಶಾವಳಿಯನ್ನು ಅರಸಿದರೆ, ಗೋಡೆಗೆ ಆತು ಬೀರುವಿನ ಹಿಂಬದಿಯನ್ನು ನೂರು ವರ್ಷ ತಿಕ್ಕಿದ ಪೂರ್ವಜನೊಬ್ಬನನ್ನು ಕಲ್ಪಿಸಬೇಕಾದೀತು. ಇಂಥ ಪೂರ್ವಜರನ್ನು ನಾನು ಹಲವು ಅಂಗಡಿಗಳಲ್ಲಿ ಸಂಧಿಸಿದ್ದೇನೆ.

ಉಜ್ಜಿದ ಮೇಲೆ ಮೇಣವೋ, ಮೇಣದ ಮೇಲೆ ಉಜ್ಜುವುದೋ ಎಂಬಲ್ಲಿ ಆಚಾರ್ಯರಲ್ಲಿ ಮತಭೇದವಿದೆ. ಎರಡನೆಯ ಪಕ್ಷದಲ್ಲಿ ಧೂಳು ಕಡಮೆ. ಕಪ್ಪು ಮೇಣವನ್ನು ಕೆತ್ತನೆಯ ಸಂದುಗಳಿಗೆ ತುಂಬಿದರೆ ಶತಮಾನದ ಕೊಳೆ ಅರ್ಧ ಗಂಟೆಯಲ್ಲಿ ಕೈಗೂಡುವುದು. ಆದರೆ ಮೇಣವು ಪೂರ್ತಿ ಗಟ್ಟಿಯಾಗಲು ಎರಡು ಮೂರು ವಾರಗಳು ಬೇಕಾಗುವುದರಿಂದ, ಎರಡು ಶತಮಾನಗಳ ಬಾಳಾಟವನ್ನು ಮೈಮೇಲೆ ಹೊತ್ತ ಈ ಮೇಜು ಅಲ್ಲಿಯವರೆಗೆ ಒಂದು ಲೋಟ ಬಿಸಿ ಕಾಫಿಯನ್ನು ಹೊರಲಾರದು. ಹೊತ್ತರೆ ಬೀಳುವ ಬಿಳಿಯ ಬಳೆಯನ್ನು ಕೂಡಲೇ ಉಜ್ಜಿ ಮರಳಿ ಮೇಣ ತಿಕ್ಕಬೇಕೆಂದು ಬಹುಮತ. ಇಡೀ ಮೇಜಿನಲ್ಲಿ ತಾನಾಗಿ ಬಿದ್ದ ಕಲೆ ಅದೊಂದೇ ಆದುದರಿಂದ ಅದನ್ನು ಮುಟ್ಟಕೂಡದೆಂದು ಈ ಭಾಷ್ಯಕಾರನ ಮತ.