ವಿತೌಟ್ ವ್ರತಸ್ಥ

ಚಿಕ್ಕಬಾಣಾವರದಿಂದ ಹೆಸರಘಟ್ಟದ ಕಡೆಗೆ ಸಾಗುವ ರಸ್ತೆಯ ದರ್ಶಿನಿಗಳಲ್ಲಿ, ಬೆಳಗಿನ ವಾಯುವಿಹಾರ ಮುಗಿಸಿ ಮಂಕಿ ಕ್ಯಾಪ್ ಕಳಚದೆಯೇ ಕೌಂಟರಿನ ಮುಂದೆ ನಿಲ್ಲುವ ಒಬ್ಬ ನಿವೃತ್ತ ಗೃಹಸ್ಥನನ್ನು ಯಾರಾದರೂ ಗುರುತಿಸಬಲ್ಲರು. ‘ಒಂದು ವಿತೌಟ್’, ಅಂದರೆ ಸಕ್ಕರೆ ಹಾಕದ ಕಾಫಿ, ಎಂದು ಅವನು ಹೇಳುವ ಧ್ವನಿಯು ಕ್ಯಾಷಿಯರಿಗೆ ಕೇಳಿಸಲು ಬೇಕಾದುದಕ್ಕಿಂತ ಎರಡು ಪಟ್ಟು ಜೋರಾಗಿರುತ್ತದೆ. ಏಕೆಂದರೆ ಹಿಂದೆ ನಿಂತವರಿಗೂ ಈ ತ್ಯಾಗದ ಸುದ್ದಿ ಮುಟ್ಟಬೇಕಲ್ಲ. ಕಾಫಿಗೆ ಮುಂಚೆ ಅವನು ತಿನ್ನುವುದು ಚೌಚೌ ಬಾತ್. ತಾನು ಬಂದದ್ದು ಖಾರಾಬಾತಿಗಾಗಿಯೇ, ಪಕ್ಕದ ಕೇಸರಿಬಾತ್ ತಾನಾಗಿಯೇ ಜೊತೆಗೆ ಬಂದದ್ದು, ಅನ್ನವನ್ನು ಬಿಸಾಡುವುದು ಪಾಪವೆಂಬುದು ಅವನ ವಾದ.

ಕಣ್ಣಿಗೆ ಬಿಳಿಯ ಹರಳಾಗಿ ಕಂಡದ್ದಷ್ಟೇ ಸಕ್ಕರೆ ಎಂಬ ಸಿದ್ಧಾಂತದ ಮೇಲೆ ಅವನ ಮಧುಮೇಹದ ಪಥ್ಯವೆಲ್ಲ ನಿಂತಿದೆ. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ, ಎಂದು ವೈದ್ಯರು ಎಷ್ಟು ಹೇಳಿದರೂ ರಾಮನವಮಿಯ ಪಾನಕವನ್ನು ಅವನು ದೇವರ ಖಾತೆಗೆ ಬರೆಯುತ್ತಾನೆ. ಕಬ್ಬಿನ ಹಾಲು ನ್ಯಾಚುರಲ್. ಪುತ್ತೂರಿನಲ್ಲಿ ಹುಟ್ಟಿ ರಾಜ್ಯದ ಗೂಡಂಗಡಿಗಳನ್ನೆಲ್ಲ ಹೊಕ್ಕ ಬಿಂದು ಜೀರಾ ಎಂಬ ಸಾಫ್ಟ್ ಡ್ರಿಂಕ್, ಹೆಸರಿನಲ್ಲಿ ಜೀರಿಗೆ ಇರುವುದರಿಂದ, ಅವನ ಮಟ್ಟಿಗೆ ಹೊಟ್ಟೆಯ ಔಷಧಿ. ಸಾಮಾನ್ಯ ಕೋಲಾ ಪಾನೀಯದ 100 ಮಿ.ಲೀ.ನಲ್ಲಿ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ; 300 ಮಿ.ಲೀ. ಬಾಟಲಿಯೊಂದು ಖಾಲಿಯಾದರೆ ಏಳು ಚಮಚಕ್ಕೂ ಮೀರಿದ ಸಕ್ಕರೆ, ತಡೆಯಲು ನಾರಿನಂಶವೇ ಇಲ್ಲದ ಕಾರಣ, ಬಹುಬೇಗ ರಕ್ತಕ್ಕೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ, ಸಕ್ಕರೆಯು ದಿನಕ್ಕೆ ಸುಮಾರು 25 ಗ್ರಾಂಗಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದೆಂದು ಆರೋಗ್ಯವಂತರನ್ನೂ ಸೇರಿಸಿಯೇ ಹೇಳಿತು. ಬೆಳಿಗ್ಗೆ ಕಾಫಿಯಲ್ಲಿ ಉಳಿಸಿದ್ದು ಒಂದು ಚಮಚ.

ಮಗ ತಂದಿಡುವ ಶುಗರ್‌ಲೆಸ್ ಕೋಲಾದಿಂದ ಲೆಕ್ಕ ಮತ್ತಷ್ಟು ಕೆಡುತ್ತದೆ. ಆಸ್ಪರ್ಟೇಮ್, ಸುಕ್ರಲೋಸ್ ಮೊದಲಾದ ಕೃತಕ ಸಿಹಿಕಾರಕಗಳು, ಅಂದರೆ ಅತ್ಯಲ್ಪ ಪ್ರಮಾಣದಲ್ಲೇ ಸಿಹಿ ಕೊಡುವ ವಸ್ತುಗಳು, ಸಕ್ಕರೆಯಂತೆ ರಕ್ತದ ಗ್ಲೂಕೋಸನ್ನು ಏರಿಸುವುದಿಲ್ಲವೆಂಬುದು ನಿಜ. ತೂಕ ಇಳಿಸಲು ಇವುಗಳನ್ನು ನೆಚ್ಚಬೇಡಿರೆಂದು 2023ರಲ್ಲಿ ಅದೇ ಸಂಸ್ಥೆ ಹೇಳಿದಾಗಲೂ, ಈಗಾಗಲೇ ಮಧುಮೇಹವಿರುವವರನ್ನು ಆ ಸಲಹೆಯಿಂದ ಹೊರಗಿಟ್ಟಿತ್ತು. ಆದರೆ ವ್ರತಸ್ಥನು ಈ ಕೋಲಾವನ್ನು ಸಕ್ಕರೆಗೆ ಬದಲಾಗಿ ಕುಡಿಯದೆ ಮೈಸೂರ್ ಪಾಕಿನ ಪ್ರಾಯಶ್ಚಿತ್ತವಾಗಿ ಕುಡಿಯುತ್ತಾನೆ; ಶೂನ್ಯವನ್ನು ಕೂಡಿದರೆ ಮೊತ್ತ ಇಳಿಯುತ್ತದೆಂಬ ಈ ಗಣಿತವನ್ನು ಲೆಕ್ಕಪತ್ರ ವಿಭಾಗದಲ್ಲೇ ನೌಕರಿ ಮಾಡಿ ನಿವೃತ್ತನಾದವನೂ ಪ್ರಶ್ನಿಸುವುದಿಲ್ಲ.

ರಕ್ತಪರೀಕ್ಷೆಗೆ ಎರಡು ದಿನವಿರುವಾಗ ಮಾತ್ರ ಅವನು ನಿಜವಾದ ಸಂನ್ಯಾಸಿ. ರಾಗಿಮುದ್ದೆ, ಸೊಪ್ಪಿನ ಸಾರು, ಹಾಗಲಕಾಯಿ. ಫಾಸ್ಟಿಂಗ್ ಅಂಕಿ ಅದಕ್ಕೆ ಮಣಿದರೂ ಮಣಿಯಬಹುದು; ಎಚ್‌ಬಿಎ1ಸಿ ಮಣಿಯದು. ಕೆಂಪು ರಕ್ತಕಣದ ಹಿಮೋಗ್ಲೋಬಿನ್ನಿಗೆ ಅಂಟಿದ ಗ್ಲೂಕೋಸನ್ನು ಅಳೆಯುವ ಈ ಪರೀಕ್ಷೆಯು, ಆ ಕಣಗಳು ಸುಮಾರು 120 ದಿನ ಬದುಕುವುದರಿಂದ, ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ಹೊರಗೆಡಹುತ್ತದೆ, ಮೊಮ್ಮಗಳ ನಾಮಕರಣವೂ ಸೇರಿದಂತೆ. ಆಗ ಅವನು ಲ್ಯಾಬನ್ನು ಬದಲಾಯಿಸುತ್ತಾನೆ.

ವೈದ್ಯರ ಉಪದೇಶದಲ್ಲಿ ಅವನು ಅಕ್ಷರಶಃ ನೆನಪಿಟ್ಟುಕೊಂಡಿರುವುದು ಒಂದೇ ಭಾಗವನ್ನು. ‘ಲೋ’, ಅಂದರೆ ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 70 ಮಿ.ಗ್ರಾಂಗಿಂತ ಇಳಿದು ಬೆವರು, ನಡುಕ, ಎದೆಬಡಿತ ಕಾಣಿಸಿಕೊಂಡರೆ, ಸುಮಾರು 150 ಮಿ.ಲೀ. ಸಿಹಿಯಾದ ಮಾಮೂಲಿ ಸಾಫ್ಟ್ ಡ್ರಿಂಕ್ ಕುಡಿದು, ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿಕೊಳ್ಳಬೇಕು. ಇಲ್ಲಿ ಶುಗರ್‌ಲೆಸ್ ಕೋಲಾ ಕೆಲಸಕ್ಕೆ ಬಾರದು. ಈ ಅಪಾಯವಿರುವುದು ಮುಖ್ಯವಾಗಿ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಮತ್ತು ಗ್ಲಿಮೆಪಿರೈಡ್‌ನಂತಹ ಮಾತ್ರೆಯವರಿಗೆ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವ ಇವನಿಗೆ ಅದು ತೀರ ಅಪರೂಪ. ಆದರೂ ಏಪ್ರಿಲ್ ತಿಂಗಳ ಮಧ್ಯಾಹ್ನ ಚಿಕ್ಕಬಾಣಾವರದ ಪ್ಲಾಟ್‌ಫಾರಂ ಮೇಲೆ ತುಮಕೂರಿನ ರೈಲಿಗಾಗಿ ಕಾಯುವಾಗ, ಸುತ್ತಲಿನ ಸಮಸ್ತರೂ ಬೆವರುತ್ತಿರಲಾಗಿ, ಲೋ ಆಗುವುದು ಇವನೊಬ್ಬನಿಗೇ. ಕರವಸ್ತ್ರದಿಂದ ಹಣೆ ಒರೆಸಿಕೊಂಡು, ಹೆಂಡತಿಯ ಕಡೆಗೊಮ್ಮೆ ಗಂಭೀರವಾಗಿ ನೋಡಿ, ಅಂಗಡಿಯವನಿಂದ 300 ಮಿ.ಲೀ. ಬಾಟಲಿಯನ್ನು ಕೊಂಡು, ವೈದ್ಯರು ಹೇಳಿದ ಅರ್ಧದ ಗುರುತು ದಾಟಿದ ಮೇಲೂ ಅವನು ನಿಲ್ಲಿಸುವುದಿಲ್ಲ. ಉಳಿದದ್ದನ್ನು ಇಟ್ಟರೆ ಗ್ಯಾಸ್ ಹೋಗಿಬಿಡುತ್ತದೆ.